ವರ್ಚುವೋಸೊಗೆ ಕನ್ನಡದಲ್ಲಿ ಏನನ್ನೋಣ? ವಿದ್ವಾನ್, ಮಾಂತ್ರಿಕ, ಪಟು, ಬಿನ್ನಣಿ...

ನಮಸ್ಕಾರ ಎಲ್ರಿಗೂ. ಇಟಲಿಯ ಪಿಟೀಲುಗಾರ ಪಗನೀನಿ, ಪಿಯಾನೋದ ಲಿಸ್ಟ್, ಜಾಝ್ ಪಿಯಾನೋದ ಆರ್ಟ್ ಟೇಟಮ್, ಪಿಟೀಲು ಚೌಡಯ್ಯ, ರಾಕ್ ಗಿಟಾರಿನ ಜಿಮಿ ಹೆಂಡ್ರಿಕ್ಸ್, ತಬಲಾದ ಝಾಕಿರ್ ಹುಸೇನ್, ಇವ್ರನ್ನೆಲ್ಲ ಒಂದೇ ಸಾಲಲ್ಲಿ ನಿಲ್ಲಿಸಿ ಒಂದೇ ಹೆಸರಲ್ಲಿ ಕರೀಬೇಕು ಅಂದ್ರೆ ಕನ್ನಡದಲ್ಲಿ ಯಾವ ಪದ ಹಾಕ್ತೀರಿ? ಕೇಳಿದೋರು ಬೆರಗಾಗೋ ಮಟ್ಟದ ಕೌಶಲ ಇರೋ ವಾದಕರಿಗೆ, ಗಾಯಕರಿಗೆ ಹೇಳೋಕೆ ಇಂಗ್ಲಿಷಿನವರು ಇಟಲಿಯಿಂದ ವರ್ಚುವೋಸೊ ಅಂತ ಒಂದು ಪದ ತಂದಿಟ್ಕೊಂಡು ಆರಾಮಾಗಿದ್ದಾರೆ. ನಿಘಂಟು ತೆಗೆದ್ರೆ ನಮಗೆ ಪ್ರವೀಣ, ನಿಪುಣ, ಕುಶಲಿ, ನುರಿತ ಇಂಥವು ಸಿಗ್ತವೆ, ಯಾವುದೂ ತಪ್ಪಲ್ಲ, ಆದ್ರೆ "ನುರಿತ ಡ್ರೈವರ್ ಬೇಕಾಗಿದ್ದಾರೆ" ಅಂತ ಜಾಹೀರಾತಲ್ಲಿ ಬರೋ ಪದಾನೇ ಪಗನೀನಿಗೂ ಹಾಕಿದ್ರೆ ಅವನು ಏನೋ ಸರ್ವಿಸ್ ಮುಗಿಸಿದ ಅನುಭವಸ್ಥ ಅನ್ನಿಸುತ್ತೆ ಹೊರತು ಕೇಳಿದೋರು ಬಾಯಿ ಬಿಟ್ಕೊಂಡು ಕೂತ್ರು ಅನ್ನೋದು ಬರಲ್ಲ.

ಮೊದಲು ಎಲ್ರಿಗೂ ಹೊಳೆಯೋದು ವಿದ್ವಾನ್. ಚೌಡಯ್ಯನೋರಿಗೆ, ವೀಣೆ ಶೇಷಣ್ಣನೋರಿಗೆ, ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್‌ಗೆ ಇದು ಸಲೀಸು. ಆದ್ರೆ ವಿದ್ ಅಂದ್ರೆ ತಿಳಿಯೋದು, ಈ ಪದದ ಭಾರ ಎಲ್ಲ ತಿಳಿವಳಿಕೆ ಮೇಲೆ ಬೀಳುತ್ತೆ, ಕೈ ಮೇಲಲ್ಲ. ನಮ್ಮ ಸಂಗೀತದ ಪರೀಕ್ಷೆಗಳಲ್ಲಿ ಜೂನಿಯರ್, ಸೀನಿಯರ್ ಆದ್ಮೇಲೆ ವಿದ್ವತ್ ಅಂತಾನೇ ಒಂದಿದೆ, ಅದನ್ನ ಪಾಸ್ ಮಾಡಿದೋರೆಲ್ಲ ವಿದ್ವಾನ್, ವಿದುಷಿ. ಕನ್ನಡ, ಸಂಸ್ಕೃತ ಓದಿದೋರಿಗೂ ಅದೇ ಪದ. ಇನ್ನು ಹೆಂಡ್ರಿಕ್ಸ್‌ಗೆ ಸ್ಟಾಫ್ ನೊಟೇಶನ್, ಅಂದ್ರೆ ಪಾಶ್ಚಾತ್ಯ ಸ್ವರಲಿಪಿ, ಓದೋಕೇ ಬರ್ತಿರಲಿಲ್ಲ, ಎಡಗೈಯವನು, ಬಲಗೈಯವರ ಗಿಟಾರ್ ತಗೊಂಡು ತಲೆಕೆಳಗು ಮಾಡಿ ತಂತಿ ಬದಲಾಯಿಸ್ಕೊಂಡು ನುಡಿಸ್ತಿದ್ದ, "ವಿದ್ವಾನ್ ಜಿಮಿ ಹೆಂಡ್ರಿಕ್ಸ್" ಅಂದ್ರೆ ಕೇಳೋರು ನಗ್ತಾರೆ. ನಗಬಾರದು ಅಂತ ವಾದ ಮಾಡಬಹುದು, ಆದ್ರೂ ನಗ್ತಾರೆ. ಎರಡು ಅರ್ಥದಲ್ಲೂ ವಿದ್ವಾಂಸರು ಅನ್ನಿಸ್ಕೊಂಡೋರು ಇಲ್ಲ ಅಂತಲ್ಲ, ರಾಜೀವ ತಾರಾನಾಥರು ಇಂಗ್ಲಿಷ್ ಮೇಷ್ಟ್ರು, ಸಾಹಿತ್ಯ ವಿಮರ್ಶಕರು, ಅಲಿ ಅಕ್ಬರ್ ಖಾನರ ಹತ್ರ ಕಲಿತ ಸರೋದ್ ವಾದಕರು, ಅವರಿಗೆ ಈ ಪದ ಎರಡು ಕಡೆಯಿಂದಲೂ ಒಪ್ಪುತ್ತೆ. ಅಂಥೋರು ಅಪರೂಪ.

ಇಲ್ಲಿ ನನಗೆ ಮಜಾ ಅನ್ನಿಸಿದ್ದು ಏನಪ್ಪ ಅಂದ್ರೆ ವರ್ಚುವೋಸೊ ಕೂಡ ಶುರುವಾಗಿದ್ದು ವಿದ್ವಾನ್ ಇರೋ ಜಾಗದಲ್ಲೇ. ಇಟಲಿಯಲ್ಲಿ ಮೊದಲು ಇದು ಸಂಗೀತದೋರಿಗೆ ಮೀಸಲಾಗಿರಲಿಲ್ಲ, ಕವಿ, ಶಿಲ್ಪಿ, ಪಂಡಿತ ಯಾರು ತಮ್ಮ ವಿದ್ಯೆಯಲ್ಲಿ ಮೇಲೆದ್ದಿದ್ರೂ ಅವರಿಗೆ ಹೇಳ್ತಿದ್ರು. ಇಂಗ್ಲೆಂಡಿಗೆ ಹೋದಾಗ ಹಳೇ ನಾಣ್ಯ, ಚಿಟ್ಟೆ, ಸೂಕ್ಷ್ಮದರ್ಶಕ ಅಂತ ಒದ್ದಾಡೋ ಶ್ರೀಮಂತ ವಿಜ್ಞಾನಾಸಕ್ತರಿಗೆ ಅಂಟ್ಕೊಂತು, 1676ರಲ್ಲಿ ಥಾಮಸ್ ಶ್ಯಾಡ್ವೆಲ್ ಇದೇ ಹೆಸರಿನ ನಾಟಕ ಬರೆದು ಅಂಥೋರನ್ನ ಚೆನ್ನಾಗಿ ಗೇಲಿ ಮಾಡಿದ, ಅದರಲ್ಲಿ ಒಬ್ಬ ಮಹಾಶಯ ನೀರಿಗೇ ಇಳಿಯದೆ ಮೇಜಿನ ಮೇಲೆ ಮಲಗಿ ಕಪ್ಪೆ ನೋಡ್ಕೊಂಡು ಈಜು ಕಲೀತಾನೆ. 1703ರಲ್ಲಿ ಬಂದ ಫ್ರಾನ್ಸಿನ ಬ್ರೊಸಾರ್‌ನ ಸಂಗೀತ ನಿಘಂಟಿನಲ್ಲಿ ಈ ಹಿರಿಮೆ ಶಾಸ್ತ್ರಕ್ಕೂ ಸಲ್ಲುತ್ತೆ, ಪ್ರಯೋಗಕ್ಕೂ ಸಲ್ಲುತ್ತೆ. ಆಮೇಲೆ ನಿಧಾನಕ್ಕೆ ಶಾಸ್ತ್ರ ಉದುರಿ ಬರೀ ಕೈ ಉಳೀತು, ಪಗನೀನಿ ಬರೋ ಹೊತ್ತಿಗೆ ಅರ್ಥ ಪೂರ್ತಿ ಬೆರಳಿಗೆ ಬಂದು ನಿಂತಿತ್ತು. ಬೇರು ನೋಡಿದ್ರೆ ಲ್ಯಾಟಿನ್ನಿನ ವಿರ್, ಅಂದ್ರೆ ಗಂಡಸು, ಅದೂ ನಮ್ಮ ವೀರಾನೂ ಒಂದೇ ಬಳ್ಳಿಯವು. ಹಾಗಂತ ಪಿಟೀಲುವೀರ, ಪಿಯಾನೋವೀರ ಅನ್ನೋಕೆ ಹೋಗ್ಬೇಡಿ, ಭಾಷಣವೀರ ಅಂತ ಕರೆದೂ ಕರೆದೂ ಕನ್ನಡದಲ್ಲಿ ಆ ಬಾಲ ಪೂರಾ ವ್ಯಂಗ್ಯ ಆಗೋಗಿದೆ.

ಪೇಪರಿನೋರ ಮೆಚ್ಚಿನ ಪದ ಮಾಂತ್ರಿಕ. ಪಿಟೀಲು ಮಾಂತ್ರಿಕ, ಕೊಳಲು ಮಾಂತ್ರಿಕ, ತಬಲಾ ಮಾಂತ್ರಿಕ. ನನಗೆ ಇದು ಸುತಾರಾಂ ಇಷ್ಟ ಇಲ್ಲ, ಯಾಕಂದ್ರೆ ಅಷ್ಟು ವರ್ಷ ಕೂತು ತಿಕ್ಕಿದ ಸಾಧನೆಯನ್ನ ಒಂದು ನಿಂಬೆಹಣ್ಣಿಗೆ ಇಳಿಸಿಬಿಡುತ್ತೆ. ಪಗನೀನಿ ವಿಷಯದಲ್ಲಿ ಮಾತ್ರ ಜನ ಇದನ್ನ ಅಕ್ಷರಶಃ ನಂಬಿದ್ರು ಅನ್ನೋದು ಬೇರೆ ಮಾತು. ದೆವ್ವಕ್ಕೆ ಆತ್ಮ ಮಾರ್ಕೊಂಡಿದ್ದಾನೆ ಅನ್ನೋ ಪುಕಾರು ಊರೂರಲ್ಲಿ ಹಬ್ಬಿತ್ತು, 1840ರಲ್ಲಿ ತೀರ್ಕೊಂಡಾಗ ಕೊನೇ ಸಂಸ್ಕಾರ ಆಗಿರಲಿಲ್ಲ ಅಂತ ಚರ್ಚಿನೋರು ಪವಿತ್ರ ನೆಲದಲ್ಲಿ ಮಣ್ಣು ಮಾಡೋಕೂ ಒಪ್ಪಲಿಲ್ಲ. 1820ರಲ್ಲಿ ಅಚ್ಚಾದ ಅವನ 24 ಕ್ಯಾಪ್ರಿಸ್ ಅನ್ನೋ ಪಿಟೀಲು ರಚನೆಗಳನ್ನ ನೋಡಿದ್ರೆ ಅಲ್ಲಿ ಮಂತ್ರ ಏನೂ ಇಲ್ಲ, ಎಡಗೈ ಬೆರಳಿಂದ ಮೀಟೋದು, ಎರಡೆರಡು ತಂತಿ ಮೇಲೆ ಒಟ್ಟಿಗೆ ಓಡೋದು, ಕಮಾನನ್ನ ತಂತಿ ಮೇಲೆ ಕುಣಿಸೋದು, ಒಂದೊಂದೂ ಕೂತು ಕಲೀಬೇಕಾದ ಕೆಲಸ. 1832ರಲ್ಲಿ ಪ್ಯಾರಿಸ್ಸಲ್ಲಿ ಪಗನೀನಿಯನ್ನ ಕೇಳಿದ ಲಿಸ್ಟ್ ದೆವ್ವ ಹುಡುಕ್ಕೊಂಡು ಹೋಗಲಿಲ್ಲ, ಮನೆಗೆ ಹೋಗಿ ಪಿಯಾನೋ ಮುಂದೆ ಕೂತ್ಕೊಂಡ.

ಮಾಂತ್ರಿಕಕ್ಕಿಂತ ರಾಕ್ಷಸ ಎಷ್ಟೋ ವಾಸಿ. "ರಾಕ್ಷಸ ಪ್ರತಿಭೆ", "ಕೆಲಸದಲ್ಲಿ ರಾಕ್ಷಸ" ಅಂತ ನಾವು ಮೆಚ್ಚುಗೆಯಿಂದಲೇ ಅಂತೀವಿ, ಜಾಝ್ ಮಂದಿನೂ ಒಬ್ಬರನ್ನೊಬ್ಬರು ಮಾನ್‌ಸ್ಟರ್ ಅಂತ ಹೊಗಳ್ತಾರೆ. ಆರ್ಟ್ ಟೇಟಮ್‌ಗೆ ಇದು ಸರೀ ಹೋಗುತ್ತೆ: ಕಣ್ಣು ಹೆಚ್ಚೂಕಮ್ಮಿ ಕಾಣ್ತಿರಲಿಲ್ಲ, ಹೊರೊವಿಟ್ಸ್‌ನಂಥ ಶಾಸ್ತ್ರೀಯ ಪಿಯಾನೋದವನೇ ಅವನಿಗೆ ಮಾರುಹೋಗಿದ್ದ. ಆದ್ರೆ ಗೌರವವಾಗಿ ಬರೆಯೋ ಲೇಖನದಲ್ಲಿ ಹಿರಿಯರನ್ನ ರಾಕ್ಷಸರು ಅನ್ನೋಕಾಗುತ್ತಾ.

ಪಟು ನೋಡೋಣ. ಅರ್ಥದಲ್ಲಿ ಇದು ಸರಿಯಾಗಿ ಕೂರುತ್ತೆ, ಚುರುಕು, ಸಾಮರ್ಥ್ಯ ಎರಡೂ ಇದೆ, ವಾಕ್ಪಟು ಅಂತ ಈಗಲೂ ಅಂತೀವಿ. ಆದ್ರೆ ಕ್ರೀಡಾಪಟು, ಕುಸ್ತಿಪಟು ಅಂತ ಆಗಿ ಆಟದ ಪುಟಕ್ಕೆ ಹೋಗಿ ಕೂತಿದೆ, ವಾದನಪಟು ಅಂದ್ರೆ ಯಾವುದೋ ಟೂರ್ನಮೆಂಟಿಗೆ ಹೊರಟಂಗಿರುತ್ತೆ. ಉಸ್ತಾದ್ ಕಥೆನೂ ಇದೇ. ಅಲ್ಲಾರಖಾ, ಬಿಸ್ಮಿಲ್ಲಾ ಖಾನ್ ಇಂಥೋರ ಹೆಸರಿನ ಮುಂದೆ ಬರೋ ಉಸ್ತಾದ್ ಕನ್ನಡದ ಬಾಯಿಗೆ ಬಿದ್ದು ವಸ್ತಾದ ಆಗಿ ಗರಡಿಮನೆ ಗುರು ಆಗಿದೆ. ಅಲ್ಲದೆ ಉಸ್ತಾದ್, ಪಂಡಿತ್ ಎರಡೂ ಹೆಸರಿನ ಹಿಂದೆ ಮುಂದೆ ಹಾಕೋ ಬಿರುದು, ಅದರಲ್ಲಿ ಅವರ ಧರ್ಮ, ಪರಂಪರೆ ಎಲ್ಲ ಹೇಳುತ್ತೆ, ಕೈ ಎಷ್ಟು ಓಡುತ್ತೆ ಅನ್ನೋದನ್ನ ಹೇಳಲ್ಲ. ಇನ್ನು ಬರೀ ವೇಗ ತೋರಿಸೋರನ್ನ ಬೈಯೋಕೆ ಬಳಸೋ ಕಸರತ್ತು ಕೂಡ ಗರಡಿಮನೆ ಪದಾನೇ, "ತನಿ ಆವರ್ತನದಲ್ಲಿ ಬರೀ ಲೆಕ್ಕದ ಕಸರತ್ತು" ಅಂತ ವಿಮರ್ಶೆ ಬರೀತಾರಲ್ಲ (ತನಿ ಆವರ್ತನ ಅಂದ್ರೆ ಕಚೇರಿ ಮಧ್ಯೆ ಮೃದಂಗದಂಥ ತಾಳವಾದ್ಯದೋರು ತಾವೇ ನುಡಿಸೋ ಭಾಗ). ಒಟ್ಟಲ್ಲಿ ಪಟು, ವಸ್ತಾದ, ಕಸರತ್ತು ಮೂರನ್ನೂ ಗರಡಿಮನೆಯೋರು ಒಯ್ದಿದ್ದಾರೆ.

ಗವಾಯಿ ಒಳ್ಳೇ ಪದ, ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳಿಂದ ಅದಕ್ಕೊಂದು ತೂಕ ಬಂದಿದೆ, ಪುಟ್ಟರಾಜರು ಹಾಡೋದರ ಜೊತೆ ಎಷ್ಟೋ ವಾದ್ಯ ನುಡಿಸ್ತಿದ್ರು, ಆದ್ರೂ ಗವಾಯಿ ಅಂದ ಕೂಡಲೇ ಹಾಡೋರೇ ಕಣ್ಮುಂದೆ ಬರೋದು. ಚಕ್ರವರ್ತಿ, ಶಿಖಾಮಣಿ, ರತ್ನ ಇವೆಲ್ಲ ಬಿಡಿ. ಶೇಷಣ್ಣನೋರು ವೈಣಿಕ ಶಿಖಾಮಣಿ, ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಚಕ್ರವರ್ತಿ, ಅವು ಒಬ್ಬೊಬ್ಬರಿಗೆ ತೊಡಿಸಿದ ಕಿರೀಟ, ಸಾಮಾನ್ಯ ನಾಮಪದ ಆಗಲ್ಲ.

ಹಾಗಾದ್ರೆ ಕನ್ನಡದೋರು ಈ ಗುಣವನ್ನ ಗುರುತಿಸೋದೇ ಇಲ್ವಾ ಅಂದ್ರೆ ಖಂಡಿತ ಗುರುತಿಸ್ತಾರೆ, ಆದ್ರೆ ಮನುಷ್ಯನಿಗೆ ಹೆಸರಿಡಲ್ಲ, ಕೈಗೆ ಇಡ್ತಾರೆ. "ಏನ್ ಕೈ ರೀ ಅವರದ್ದು", "ಪಳಗಿದ ಕೈ", "ಬೆರಳು ನಿಲ್ಲೋದೇ ಇಲ್ಲ". ಹಾಡೋರಿಗಾದ್ರೆ "ಸಾಧಕ ಮಾಡಿದ ಶಾರೀರ". ಹಿಂದೂಸ್ತಾನಿ ಕಡೆಯೋರು "ತಯಾರಿ ಚಲೋ ಐತಿ" ಅಂತಾರೆ, ಇದು ನನಗೆ ತುಂಬ ಇಷ್ಟ, ತಯಾರಿ ಅಂದ್ರೆ ಉಳಿದೋರಿಗೆ ಬರೀ ಸಿದ್ಧತೆ, ಅವರಿಗೆ ಮಾತ್ರ ತಾನ್, ಅಂದ್ರೆ ಸರಸರ ಓಡೋ ಸ್ವರಗಳ ಸರಣಿ, ಎಷ್ಟು ಸ್ಪಷ್ಟವಾಗಿ ಎಷ್ಟು ಜೋರಾಗಿ ಓಡುತ್ತೆ ಅನ್ನೋ ಕಂಠದ ಹಿಡಿತ. ಜಾಝಿನೋರು ಕೌಶಲಕ್ಕೆ ಹೇಳೋ ಚಾಪ್ಸ್ ಅನ್ನೋ ಪದ ಕೂಡ ಇದೇ ಥರ, ಮೊದಲು ಟ್ರಂಪೆಟ್ ಊದೋರ ದವಡೆ ತುಟಿಗೆ ಹೇಳ್ತಿದ್ರು, ಆಮೇಲೆ ಪಿಯಾನೋದೋರಿಗೂ ಡ್ರಮ್ಮಿನೋರಿಗೂ ಚಾಪ್ಸ್ ಬಂತು. ಅಂದ್ರೆ ಆಡುಮಾತು ಎಲ್ಲ ಕಡೆ ಮೈಯಲ್ಲೇ ಪದ ಹುಡುಕುತ್ತೆ, ಬಿರುದು ಕೊಡೋರು ಮಾತ್ರ ತಲೆ ಕಡೆ ನೋಡ್ತಾರೆ. ಕೈಚಳಕ ಅನ್ನೋಣ ಅಂದ್ರೆ "ಬಸ್ಸಲ್ಲಿ ಕಳ್ಳರ ಕೈಚಳಕ" ಅಂತ ದಿನಾ ಓದ್ತೀವಿ.

ಹಳೇ ಶಾಸ್ತ್ರದಲ್ಲಿ ಏನಾದ್ರೂ ಸಿಗುತ್ತಾ ಅಂತ ನೋಡಿದ್ರೆ, 13ನೇ ಶತಮಾನದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ಹಾಡೋರನ್ನ ಐದು ಬಗೆ ಮಾಡ್ತಾನೆ: ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ. ಕೊರತೆ ಇಲ್ಲದೆ ಕಲಿಸಬಲ್ಲವನು, ಇನ್ನೊಬ್ಬರ ರೀತಿಯಲ್ಲಿ ಹಾಡೋನು, ರಸದಲ್ಲಿ ಮುಳುಗೋನು, ಕೇಳುಗರನ್ನ ರಂಜಿಸೋನು, ಹಾಡಿಗೆ ಏನೋ ಹೆಚ್ಚಿನದು ತುಂಬೋನು. ಈ ಐದರಲ್ಲಿ ಬರೀ ಓಟಕ್ಕೆ ಅಂತ ಒಂದು ಖಾನೆ ಇಲ್ಲ ನೋಡಿ.

ಈಗ ನನ್ನ ಕ್ಯಾಂಡಿಡೇಟ್: ಬಿನ್ನಣಿ. ಹಳಗನ್ನಡದಲ್ಲಿ ಬಿನ್ನಣ ಅಂದ್ರೆ ಕೌಶಲ, ಕುಸುರಿ, ಚಾತುರ್ಯ. ಬಿನ್ನಣಿ ಅಂದ್ರೆ ಅದು ಉಳ್ಳವರು. ಬಂದಿದ್ದು ಸಂಸ್ಕೃತದ ವಿಜ್ಞಾನದಿಂದ. ತಿಳಿವು ಅನ್ನೋದು ಮೊದಲು ಕೈಗೆ ಇಳೀತು, ಆಮೇಲೆ ಇನ್ನೂ ಇಳಿದು ಬಿನ್ನಾಣ ಅಂತ ಬೆಡಗು, ವಯ್ಯಾರ, ತೋರಿಕೆ ಆಯ್ತು. ಇಟಲಿಯ ಪದದ ದಾರಿನೂ ಹೆಚ್ಚೂಕಮ್ಮಿ ಇದೇ ಅಲ್ವಾ, ಪಾಂಡಿತ್ಯದಿಂದ ಬೆರಳಿಗೆ, ಬೆರಳಿಂದ ಷೋಗೆ. 1844ರಲ್ಲಿ ಜರ್ಮನ್ ಕವಿ ಹೈನೆ ಲಿಸ್ಟೋಮೇನಿಯಾ ಅಂತ ಹೆಸರಿಟ್ಟಿದ್ದು ಆ ಷೋ ನೋಡಿ ಹುಚ್ಚೆದ್ದ ಜನಕ್ಕೇ. ಅದೇ ಲಿಸ್ಟ್ 1847ರಲ್ಲಿ, ಇನ್ನೂ 35ರ ವಯಸ್ಸಲ್ಲಿ, ಟಿಕೆಟ್ ಇಟ್ಟು ಊರೂರು ಕಚೇರಿ ಮಾಡ್ಕೊಂಡು ಸುತ್ತೋದನ್ನ ನಿಲ್ಲಿಸಿ ಸಂಗೀತ ಬರೆಯೋಕೆ ಕೂತ. ಟೇಟಮ್‌ಗೂ ಅಲಂಕಾರ ಜಾಸ್ತಿ, ಹೂರಣ ಕಮ್ಮಿ ಅಂತ ಬೈದೋರಿದ್ರು. ಹೀಗೆ ಮೆಚ್ಚುಗೆ, ಅನುಮಾನ ಎರಡನ್ನೂ ಹೊಟ್ಟೆಯಲ್ಲಿಟ್ಕೊಂಡಿರೋ ಪದ ಬೇಕು ಅಂದ್ರೆ ಬಿನ್ನಣಿಗಿಂತ ಹತ್ತಿರದ್ದು ನನಗೆ ಸಿಕ್ಕಿಲ್ಲ. ಪ್ರವೀಣದಲ್ಲಿ ಆ ಅನುಮಾನ ಇಲ್ಲ, ಕಸರತ್ತಲ್ಲಿ ಮೆಚ್ಚುಗೆ ಇಲ್ಲ.

ಚೌಡಯ್ಯನೋರ ಮೇಲೆ ಹಾಕಿ ನೋಡಿ. ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೇ ಸಾಲಿಗೂ ಕೇಳಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದ್ದು ಮಾಡ್ಕೊಂಡ್ರು. ಬರೀ ವಾದ್ಯ ನುಡಿಸೋದಲ್ಲ, ವಾದ್ಯವನ್ನೇ ತಿದ್ದಿದ ಕೈ ಅದು, ಕಸುಬುದಾರನ ಬುದ್ಧಿ, ಅಲ್ಲಿ ಬಿನ್ನಣ ಹಳೇ ಅರ್ಥದಲ್ಲೇ ಕೂರುತ್ತೆ. ಹೆಂಡ್ರಿಕ್ಸ್ ಆಂಪ್ಲಿಫೈಯರಿನ ಫೀಡ್‌ಬ್ಯಾಕ್ ಕಿರಿಚಾಟವನ್ನೇ ಸ್ವರವಾಗಿ ಪಳಗಿಸಿದ್ದಕ್ಕೂ ಕೂರುತ್ತೆ. ಸ್ಪೇನಿನ ಪಾಕೊ ದೆ ಲೂಸಿಯಾ ಎರಡೇ ಬೆರಳಲ್ಲಿ ಫ್ಲಾಮೆಂಕೊ ಗಿಟಾರಿನ ಮೇಲೆ ಹರಿಸ್ತಿದ್ದ ಪಿಕಾದೊ ಓಟಕ್ಕೂ ಕೂರುತ್ತೆ.

ತೊಡಕು ಇರೋದು ಇಲ್ಲಿ. ಹೆಂಗಸರಿಗೆ? ಬಿನ್ನಾಣಗಿತ್ತಿ ಅಂದ್ರೆ ಏಟು ಬೀಳುತ್ತೆ. ಪಿಯಾನೋದ ಕ್ಲಾರಾ ಶೂಮನ್ ಪುಸ್ತಕ ಮುಂದಿಟ್ಕೊಳ್ಳದೆ ನೆನಪಿಂದಲೇ ಕಚೇರಿ ಮಾಡೋ ಪದ್ಧತಿಯನ್ನ ಗಟ್ಟಿ ಮಾಡಿದೋರಲ್ಲಿ ಒಬ್ಬಳು, ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ರಾಕ್ ಅಂಡ್ ರೋಲ್‌ಗಿಂತ ಮುಂಚೆ ಅದರ ದಾರಿ ತೆರೆದವಳು, ವೀಣಾ ಧನಮ್ಮಾಳ್ ಅಂತೂ ಷೋ ಅನ್ನೋದರ ಪೂರಾ ವಿರುದ್ಧ, ಮೆಲುದನಿಯ ವೀಣೆ. ಇವರಿಗೆ ಹಾಕಿದಾಗ ಪದ ವಯ್ಯಾರದ ಕಡೆ ಜಾರಬಾರದು. ನನ್ನ ಮಟ್ಟಿಗೆ ಬಿನ್ನಣಿ ಇಕಾರದಲ್ಲಿ ಮುಗಿಯೋದ್ರಿಂದ ಜ್ಞಾನಿ, ತ್ಯಾಗಿ ಥರ ಇಬ್ಬರಿಗೂ ನಡೆಯುತ್ತೆ, ದೀರ್ಘ ಹಾಕದೆ ಬಿನ್ನಣ ಅಂತಲೇ ಇಟ್ಕೊಂಡ್ರೆ ಬಿನ್ನಾಣದ ನೆರಳು ಅಷ್ಟಾಗಿ ಬೀಳಲ್ಲ. ಆದ್ರೆ ಓದುಗರು ಆ ಒಂದು ದೀರ್ಘವನ್ನ ಗಮನಿಸ್ತಾರಾ, ಇಲ್ಲ ಕಣ್ಣು ತಾನಾಗೇ ಬಿನ್ನಾಣ ಅಂತಲೇ ಓದಿಬಿಡುತ್ತಾ?

ಇನ್ನೊಂದು, ಹಾಡೋರಿಗೆ ಇದನ್ನ ಹಾಕಬಹುದಾ? 18ನೇ ಶತಮಾನದ ಇಟಲಿಯ ಗಾಯಕ ಫರಿನೆಲ್ಲಿಯ ಉಸಿರಿನ ಹಿಡಿತ, ಭೀಮಸೇನ ಜೋಶಿಯವರ ತಾನ್‌ಗಳು, ಇವಕ್ಕೆ ಕೈ ಕೆಲಸದ ವಾಸನೆ ಇರೋ ಪದ ಒಗ್ಗುತ್ತಾ, ಅಥವಾ ಗಂಟಲಿಗೆ ತಯಾರಿಯಿಂದಲೇ ಬೇರೆ ಪದ ಕಟ್ಟೋದು ಮೇಲಾ? ಧಾರವಾಡ, ಗದಗ ಕಡೆಯೋರು "ತಯಾರಿ" ಅನ್ನೋದನ್ನ ತಬಲಾ, ಸಿತಾರ್‌ನೋರಿಗೂ ಅಂತೀರಾ, ಸಿನಿಮಾ ಆರ್ಕೆಸ್ಟ್ರಾದ ಕೀಬೋರ್ಡ್‌ನೋರಿಗೂ ಅಂತೀರಾ, ಬರೀ ಖಯಾಲ್ ಹಾಡೋರಿಗೆ ಮಾತ್ರಾನಾ ಅಂತ ತಿಳಿಸಿ. ಮಂಗಳೂರು, ಉಡುಪಿ ಕಡೆ ಚೆಂಡೆ ಮದ್ದಳೆಯೋರ ಕೈಯನ್ನ ಹೊಗಳುವಾಗ ಬಾಯಲ್ಲಿ ಬರೋ ಪದ ಯಾವುದು ಅನ್ನೋದೂ ಬೇಕು. ಬಿರುದು ಬೇಡ, ಕಚೇರಿ ನಡೀತಿರುವಾಗ ಪಕ್ಕದವರ ಹತ್ರ ಪಿಸುಗುಡೋ ಪದ.