ರೋಗಿಯನ್ನು ನೋಡಿಕೊಳ್ಳುವವರ ಕೆಲಸವನ್ನು ಮನೆಯವರಿಗೆ ಹೇಗೆ ತಿಳಿಸಲಿ?

ಪ್ರಶ್ನೆ:
ಪಾರ್ಶ್ವವಾಯುವಿನಿಂದ ಎಡಭಾಗದ ಸ್ವಾಧೀನ ಕಳೆದುಕೊಂಡಿರುವ ನಮ್ಮ ತಾಯಿಯವರನ್ನು ನೋಡಿಕೊಳ್ಳಲು ಏಜೆನ್ಸಿಯ ಮೂಲಕ ಮಹಿಳೆಯೊಬ್ಬರು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತಾರೆ. ಖರ್ಚಿನಲ್ಲಿ ಅರ್ಧ ಕೊಡುವ ನನ್ನ ಅಣ್ಣ ಭಾನುವಾರ ಬಂದಾಗಲೆಲ್ಲ, ‘ಕುರ್ಚಿಯಲ್ಲಿ ಕೂರುವುದಕ್ಕೆ ಇಷ್ಟು ಸಂಬಳವೇ?’ ಎನ್ನುತ್ತಾನೆ, ಬಿಡುವಿದ್ದಾಗ ಪಾತ್ರೆಯನ್ನಾದರೂ ತೊಳೆಯಲಿ ಎಂಬುದು ಅತ್ತಿಗೆಯ ಮಾತು. ಏನು ಉತ್ತರ ಹೇಳಬೇಕೆಂದು ನನಗೆ ತೋಚುತ್ತಿಲ್ಲ.

ಉತ್ತರ 1:
ನಾನು 9 ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನಾವು ಕುರ್ಚಿಯಲ್ಲಿ ಕೂತಿರುವುದು ನಿಜ, ಆದರೆ ಕಣ್ಣು ಗಡಿಯಾರದ ಮೇಲೂ ರೋಗಿಯ ಉಸಿರಿನ ಮೇಲೂ ಇರುತ್ತದೆ. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಆಗ ಎಳೆದರೆ ಚರ್ಮ ಕಿತ್ತುಬರಬಹುದು, ಸ್ವಾಧೀನವಿಲ್ಲದ ಕೈಯನ್ನು ಹಿಡಿದೆತ್ತಿದರೆ ಭುಜದ ಕೀಲು ಜಾರಬಹುದು. ಆದ್ದರಿಂದ ಮೈ ಕೆಳಗೆ ಹಾಸಿದ ಬಟ್ಟೆಯ ಸಮೇತ ಹೊರಳಿಸಿ, ಬೆನ್ನಿಗೂ ಮೊಣಕಾಲುಗಳ ನಡುವೆಯೂ ದಿಂಬು ಕೊಡುತ್ತೇವೆ. ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಕೆಂಪಾಗಿದೆಯೇ ಎಂದು ನೋಡಿ ಬೆರಳಿನಿಂದ ಒತ್ತಿದಾಗ ಆ ಕೆಂಪು ಮಾಯವಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಬೇಕು.

ಊಟ ಮಾಡಿಸುವುದು ಇನ್ನೂ ನಾಜೂಕಿನ ಕೆಲಸ. ಬಲ ಕಳೆದುಕೊಂಡ ಕೆನ್ನೆಯೊಳಗೆ ಗಂಜಿ ಹಾಗೆಯೇ ಉಳಿದುಬಿಡುವುದರಿಂದ, ಒಂದು ಚಮಚ ನುಂಗಿದ್ದನ್ನು ನೋಡಿಕೊಂಡೇ ಮತ್ತೊಂದನ್ನು ಕೊಡಬೇಕು; ಆಮೇಲೂ ಅರ್ಧ ಗಂಟೆ ಒರಗಿಸಿ ಕೂರಿಸಿರಬೇಕು, ಇಲ್ಲವಾದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಪಾತ್ರೆ ತೊಳೆಯುವುದು ಕೀಳೆಂದು ನಾನು ಹೇಳುತ್ತಿಲ್ಲ. ನಲ್ಲಿಯ ಸದ್ದಿನಲ್ಲಿ ಒಳಕೋಣೆಯ ಕೆಮ್ಮು ಕೇಳಿಸುವುದಿಲ್ಲ, ಅಷ್ಟೆ.

ಉತ್ತರ 2:
ನಾನು ನಿವೃತ್ತ ದಾದಿ. ಮಗ್ಗುಲು ಬದಲಿಸಿದ ಹೊತ್ತು, ತಿಂದದ್ದೆಷ್ಟು, ಮೂತ್ರ ಎಷ್ಟು ಸಲ ಹೋಯಿತು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಆ ಮಹಿಳೆಗೆ ಹೇಳಿ, ಅದನ್ನು ನಿಮ್ಮ ಅಣ್ಣನವರ ಕೈಗೆ ಕೊಡಿ. ಜೊತೆಗೆ, ಇಂಜೆಕ್ಷನ್ ಕೊಡುವುದು ರೋಗಿಯನ್ನು ನೋಡಿಕೊಳ್ಳುವವರ ಕೆಲಸವಲ್ಲ ಎಂಬುದನ್ನೂ ಮನೆಯವರಿಗೆ ತಿಳಿಸಿ. ಕೆಲವು ಮನೆಗಳಲ್ಲಿ ಅವರಿಂದ ಪಾತ್ರೆ ತೊಳೆಸುವುದೂ ಉಂಟು, ಸೂಜಿ ಚುಚ್ಚಿಸುವುದೂ ಉಂಟು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನೋಟ್‌ಬುಕ್ಕನ್ನು ಅಣ್ಣ ಮೇಲ್ಮೇಲೆ ತಿರುವಿ ಪಕ್ಕಕ್ಕಿಟ್ಟ. ಆದರೆ ಈ ಭಾನುವಾರ ಅಮ್ಮನಿಗೆ ಊಟ ಮಾಡಿಸುವ ಕೆಲಸವನ್ನು ಅವನಿಗೇ ಬಿಟ್ಟೆವು. ಒಂದು ಬಟ್ಟಲು ರಾಗಿ ಗಂಜಿಗೆ 40 ನಿಮಿಷ ಹಿಡಿಯಿತು. ಒಮ್ಮೆ ಅಮ್ಮ ಕೆಮ್ಮಿದಾಗ ಗಾಬರಿಯಾಗಿ ಆ ಮಹಿಳೆಯನ್ನು ‘ಅಕ್ಕಾ’ ಎಂದು ಕೂಗಿದ. ಸಂಬಳದ ಮಾತು ಆ ದಿನ ಬರಲಿಲ್ಲ. ಪಾತ್ರೆಯ ಮಾತನ್ನು ಅತ್ತಿಗೆ ಮಾತ್ರ ಇನ್ನೂ ಬಿಟ್ಟಿಲ್ಲ.