ಕ್ಯಾಸೆಟ್‌ನಿಂದ ಕಂಪ್ಯೂಟರ್‌ಗೆ ಇಳಿಸುವಾಗ ಚೆಂಡೆ ಸದ್ದು ಒಡೆಯುತ್ತಿದೆ, ಜೊತೆಗೆ ಗುಂಯ್ ಶಬ್ದ

ಹಳೇರೀಲು:
ಮನೆಯಲ್ಲಿರುವ ಯಕ್ಷಗಾನದ ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುತ್ತಿದ್ದೇನೆ. ಟೇಪ್ ಡೆಕ್‌ನ ಲೈನ್ ಔಟ್‌ನಿಂದ ಕೇಬಲ್ ತಂದು ಡೆಸ್ಕ್‌ಟಾಪ್‌ನ ಮುಂದಿನ ಗುಲಾಬಿ ತೂತಿಗೆ ಚುಚ್ಚಿದ್ದೇನೆ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿ, 16 ಬಿಟ್. ಭಾಗವತರ ಪದ ಚೆನ್ನಾಗಿಯೇ ಬರುತ್ತದೆ, ಚೆಂಡೆ ಬಿದ್ದ ಕೂಡಲೇ ಪರಪರ. ರೆಕಾರ್ಡಿಂಗ್ ಲೆವೆಲ್ ಇಳಿಸಿದರೂ ಹೋಗಲಿಲ್ಲ. ಸಣ್ಣಗೆ ಗುಂಯ್ ಅನ್ನುವುದು ಬೇರೆ. 24 ಬಿಟ್, 192 ಕಿಲೋಹರ್ಟ್ಸ್ ಸೌಂಡ್ ಕಾರ್ಡ್ ತಗೊಂಡರೆ ಸರಿ ಹೋಗುತ್ತಾ?

ಬೆಸುಗೆ:
ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ ಸರ್. ಆಡಾಸಿಟಿಯಲ್ಲಿ ಚೆಂಡೆ ಇರುವ ಜಾಗವನ್ನು ಝೂಮ್ ಮಾಡಿ ನೋಡಿ. ಅಲೆಯ ತುದಿ ಕತ್ತರಿಸಿದ ಹಾಗೆ ಚಪ್ಪಟೆ ಇದೆಯಾ? ಲೆವೆಲ್ ಇಳಿಸಿದಾಗ ಅಲೆ ಗಿಡ್ಡವಾಗಿಯೂ ತುದಿ ಚಪ್ಪಟೆಯೇ ಉಳಿದರೆ, ಸದ್ದು ಆ ಸ್ಲೈಡರ್‌ಗೆ ಬರುವ ಮೊದಲೇ ಒಡೆದಿದೆ ಅಂತ ಅರ್ಥ.

ಹಳೇರೀಲು:
ಹೌದು, ಚಪ್ಪಟೆ! ಎಡ, ಬಲ ಎರಡೂ ಒಂದೇ ಥರ ಕಾಣುತ್ತಿವೆ.

ಬೆಸುಗೆ:
ಹಾಗಾದ್ರೆ ತೂತೇ ತಪ್ಪು. ಗುಲಾಬಿ ಇರುವುದು ಮೈಕ್‌ಗೆ. ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್, ಡೆಕ್‌ನ ಲೈನ್ ಔಟ್ ಕೊಡುವುದು ಸುಮಾರು 0.3 ವೋಲ್ಟ್. ಅದನ್ನು ಮೈಕ್ ಆಂಪ್ಲಿಫೈಯರ್‌ಗೆ ಕೊಟ್ಟರೆ ಒಡೆಯದೆ ಇನ್ನೇನು? ಮೈಕ್ ಇನ್‌ಪುಟ್ ಎಷ್ಟೋ ಕಡೆ ಮೋನೋ, ಎರಡೂ ಒಂದೇ ಥರ ಕಾಣುವುದು ಅದಕ್ಕೇ. ಹಿಂದುಗಡೆ ತಿಳಿ ನೀಲಿ ತೂತು ಇರುತ್ತದೆ, ಅದು ಲೈನ್ ಇನ್. ಅಲ್ಲಿಗೆ ಹಾಕಿ, ಆಡಾಸಿಟಿಯಲ್ಲೂ ಲೈನ್ ಇನ್, ಸ್ಟೀರಿಯೋ ಆರಿಸಿ. ಲೆವೆಲ್ ಹೊಂದಿಸುವಾಗ ಪದ ಕೇಳುತ್ತಾ ಕೂರಬೇಡಿ. ಯುದ್ಧದ ಸನ್ನಿವೇಶ ಹಾಕಿ, ಚೆಂಡೆಯ ಜೋರು ಪೆಟ್ಟು ಮೀಟರ್‌ನಲ್ಲಿ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ನೋಡಿಕೊಳ್ಳಿ (ಸೊನ್ನೆ ಮುಟ್ಟಿದರೆ ಒಡೆಯುತ್ತದೆ).

ಕಾರ್ಡ್ ವಿಷಯ: ಮಾಮೂಲಿ ಕ್ಯಾಸೆಟ್‌ನಲ್ಲಿ ಜೋರು ಸದ್ದಿಗೂ ಟೇಪಿನ ಸುಯ್ ಸದ್ದಿಗೂ ಇರುವ ಅಂತರ 50-60 ಡೆಸಿಬೆಲ್. 16 ಬಿಟ್‌ನಲ್ಲಿ 96ರಷ್ಟು ಜಾಗ ಇದೆ. 192 ಕಿಲೋಹರ್ಟ್ಸ್, ಅಂದ್ರೆ ಸೆಕೆಂಡಿಗೆ 1,92,000 ಸಲ ಸದ್ದನ್ನು ಅಳೆಯೋದು, ಸುಮ್ನೆ ಡಿಸ್ಕ್ ತುಂಬಿಸೋದಕ್ಕೆ. 44.1 ಧಾರಾಳ ಸಾಕು.

ಹಳೇರೀಲು:
ಒಡೆಯುವುದು ನಿಂತಿತು, ಸ್ಟೀರಿಯೋ ಕೂಡ ಬಂತು. ಗುಂಯ್ ಮಾತ್ರ ಹಾಗೇ ಇದೆ. ಡೆಕ್‌ನಿಂದ ಇನ್ನೊಂದು ವೈರ್ ಹಾಲ್‌ನ ಆಂಪ್ಲಿಫೈಯರ್‌ಗೂ ಹೋಗಿದೆ, ಅದರಿಂದಲಾ?

ಶಾರ್ಟ್‌ವೇವ್:
ನಡುವೆ ಬಾಯಿ ಹಾಕ್ತೀನಿ. ಆಂಪ್ಲಿಫೈಯರ್ ಮೂರು ಪಿನ್ನಿನದ್ದಾ? ಆಗ ಅದಕ್ಕೂ ಕಂಪ್ಯೂಟರ್‌ಗೂ ಬೇರೆ ಬೇರೆ ಸಾಕೆಟ್‌ನಿಂದ ಅರ್ಥಿಂಗ್, ನಡುವೆ ನಿಮ್ಮ ಆಡಿಯೋ ಕೇಬಲ್. ಹೀಗೆ ಅರ್ಥಿಂಗ್ ಸುತ್ತು ಹಾಕಿದರೆ ಅದೇ ಗ್ರೌಂಡ್ ಲೂಪ್, ಗುಂಯ್ ಬರುವುದು ಅದರಿಂದ. ರೆಕಾರ್ಡ್ ಮಾಡುವಾಗ ಆಂಪ್ಲಿಫೈಯರ್ ಕಡೆಯ ವೈರನ್ನು ಡೆಕ್‌ನಿಂದ ಪೂರ್ತಿ ಕಿತ್ತು ನೋಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಬೆಸುಗೆ:
ಅದೇ. ವೈರ್ ಇರಲೇಬೇಕು ಅಂದ್ರೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ತನ್ನಿ. ಯಾರಾದರೂ ಅರ್ಥ್ ಪಿನ್ ತೆಗೆದುಬಿಡಿ ಅಂದರೆ ಕೇಳಬೇಡಿ. ಗುಂಯ್ ಹೋಗಬಹುದು, ಆದರೆ ಶಾಕ್ ಹೊಡೆದೀತು.

ಹಳೇರೀಲು:
ವೈರ್ ಕಿತ್ತೆ, ಗುಂಯ್ ಪೂರ್ತಿ ಹೋಯ್ತು. ಇಬ್ಬರಿಗೂ ಥ್ಯಾಂಕ್ಸ್. ಮೊದಲು ಒಡೆದ ಫೈಲ್‌ಗಳನ್ನು ಸರಿ ಮಾಡಬಹುದಾ?

ಬೆಸುಗೆ:
ಕ್ಲಿಪ್ ಫಿಕ್ಸ್ ಅಂತ ಒಂದು ಎಫೆಕ್ಟ್ ಇದೆ, ಹೋದ ತುದಿಯನ್ನು ಊಹೆ ಮಾಡಿ ತುಂಬುತ್ತದೆ ಅಷ್ಟೇ. ಕ್ಯಾಸೆಟ್ ಕೈಯಲ್ಲೇ ಇದೆ ಅಲ್ವಾ, ಮತ್ತೆ ಇಳಿಸಿ. ವೇವ್ ಫೈಲ್ ಆಗಿಯೇ ಇಡಿ, ಗಂಟೆಗೆ 600 ಎಂಬಿ ಚಿಲ್ಲರೆ ಹಿಡಿಯುತ್ತದೆ.