ವಿದೇಶಕ್ಕೆ ಹೊರಡುವ ಮುನ್ನ: ಊರಿನ ಗೆಳೆತನದ ಬಗ್ಗೆ ಮೂವರ ಅನುಭವ

ಕೇಳಿದವರು:
ನಾನು ಶಿರಸಿ ಸಮೀಪದ ಹಳ್ಳಿಯವಳು. ಸ್ನಾತಕೋತ್ತರ ಓದಿಗಾಗಿ ಅಕ್ಟೋಬರ್ ಆರಂಭದಲ್ಲಿ ಜರ್ಮನಿಗೆ ಹೊರಡುತ್ತಿದ್ದೇನೆ. ವೀಸಾ, ಬಟ್ಟೆಬರೆಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಶಾಲೆಯ ದಿನಗಳಿಂದ ಜೊತೆಗಿರುವ ಗೆಳತಿಯರ ನಂಟು ಸಡಿಲವಾಗದಂತೆ ಈಗಲೇ ಏನು ಸಿದ್ಧತೆ ಮಾಡಿಕೊಳ್ಳಬೇಕೆಂದು ಅನುಭವವಿದ್ದವರು ತಿಳಿಸಬೇಕಾಗಿ ಕೋರುತ್ತೇನೆ.

ಶಿರಸಿ ಮೂಲದವರು, ಈಗ ಜರ್ಮನಿಯಲ್ಲಿ:
ಮೊದಲು ಹೊತ್ತಿನ ಲೆಕ್ಕ ನೋಡಿಕೊಳ್ಳಿ. ಜರ್ಮನಿಯ ಸಮಯ ಭಾರತಕ್ಕಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಈ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಆಗುವುದರಿಂದ, ನೀವು ಹೋದ ಕೂಡಲೇ ಗೊತ್ತುಮಾಡಿಕೊಂಡ ವೇಳೆ ಅದೇ ತಿಂಗಳಲ್ಲಿ ಒಂದು ಗಂಟೆ ಆಚೀಚೆಯಾಗುತ್ತದೆ. ಚಳಿಗಾಲದಲ್ಲಿ ತರಗತಿ, ಅಡುಗೆ ಎಲ್ಲ ಮುಗಿಸಿ ಸಂಜೆ ಏಳೂವರೆಗೆ ನೀವು ಫೋನ್ ಕೈಗೆತ್ತಿಕೊಂಡರೆ ಶಿರಸಿಯಲ್ಲಿ ನಡುರಾತ್ರಿಯಾಗಿರುತ್ತದೆ. ನಿಮ್ಮ ಮಧ್ಯಾಹ್ನದ ಒಂದು ಗಂಟೆ ಅಲ್ಲಿಯ ಸಂಜೆ ಐದೂವರೆಯ ಚಹಾದ ಹೊತ್ತು. ನನ್ನ ಮಟ್ಟಿಗೆ ಉಳಿದುಕೊಂಡದ್ದು ಆ ವೇಳೆ ಮಾತ್ರ.

ಊರಿನ ಸಿಮ್ ಅನ್ನು ಬಿಡಬೇಡಿ. ಹೊರಡುವ ಮೊದಲೇ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ ಮಾಡಿಸಿಕೊಂಡು, ಎರಡು ಸಿಮ್ ಹಿಡಿಸುವ ಫೋನಿನಲ್ಲಿ ಅದನ್ನು ಹಾಕಿಟ್ಟುಕೊಳ್ಳಿ. ಬ್ಯಾಂಕಿನ ಓಟಿಪಿ ಬರುವುದೂ, ಗೆಳತಿಯರಿಗೆ ಗೊತ್ತಿರುವುದೂ ಅದೇ ನಂಬರು. ರೀಚಾರ್ಜ್ ಮಾಡಿಸದೆ ಬಿಟ್ಟರೆ ಅದು ರದ್ದಾಗಿ ಬೇರೊಬ್ಬರ ಪಾಲಾಗಬಹುದು.

ಕಾರವಾರದವರು, ದುಬೈಯಲ್ಲಿ ಉದ್ಯೋಗ:
ಜರ್ಮನಿಯ ವಿಚಾರ ನನಗೆ ತಿಳಿಯದು. ನಮ್ಮಲ್ಲಿ ಊರಿಗೂ ಇಲ್ಲಿಗೂ ಒಂದೂವರೆ ಗಂಟೆಯ ಅಂತರವಷ್ಟೇ. ಆದರೆ ಇಲ್ಲಿ ವಾಟ್ಸಾಪ್‌ನ ಕರೆಗಳಿಗೆ ನಿರ್ಬಂಧವಿದ್ದು, ಬರಹ ಮತ್ತು ಧ್ವನಿ ಸಂದೇಶಗಳು ಮಾತ್ರ ಹೋಗುತ್ತವೆ. ಅದರಿಂದ ಒಳ್ಳೆಯದೇ ಆಯಿತೆನ್ನಬೇಕು. ಇಪ್ಪತ್ತು ಜನರ ಗುಂಪಿಗೆ ಚಿತ್ರಗಳನ್ನು ಹಾಕುವ ಬದಲು ಒಬ್ಬೊಬ್ಬರಿಗೇ ಐದಾರು ನಿಮಿಷ ಮಾತಾಡಿ ಕಳುಹಿಸುವ ರೂಢಿ ಬಿತ್ತು. ಅವರೂ ಬೈತಖೋಲದ ಬಂದರಿನ ಸದ್ದಿನ ನಡುವೆ ನಿಂತು ಉತ್ತರಿಸುತ್ತಾರೆ.

ಶಿರಸಿಯಲ್ಲೇ ಉಳಿದವರು:
ಹೋದವರು ಹೇಳಿದ್ದಾಯಿತು, ಉಳಿದವರ ಕಡೆಯಿಂದ ನಾನು ನಾಲ್ಕು ಮಾತು ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ಸುಮ್ಮನಾಗುತ್ತದೆ. ಅಡಿಕೆ ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು ಎಂದು ರಾತ್ರಿಯವರೆಗೂ ಕೈ ಬಿಡುವಿರುವುದಿಲ್ಲ. ಆಗ ಉತ್ತರ ಬಾರದಿದ್ದರೆ ಮರೆತರೆಂದು ತಿಳಿಯಬೇಡಿ. ಇದು ನಿಮಗೂ ಗೊತ್ತಿರುವ ಸಂಗತಿಯೇ, ಆದರೆ ದೂರ ಹೋದವರಿಗೆ ಇದು ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದನ್ನು ಕಂಡಿದ್ದೇನೆ.

ಇದಕ್ಕಿಂತ ಮುಖ್ಯವಾದದ್ದು ಕೆಲಸಗಳ ಮಾತು. ಮಕ್ಕಳು ವಿದೇಶಕ್ಕೆ ಹೋದ ಮನೆಗಳಲ್ಲಿ ಗ್ಯಾಸ್ ಬುಕ್ ಮಾಡುವುದು, ಮೊಬೈಲ್ ಸರಿಮಾಡಿಕೊಡುವುದು, ಆಸ್ಪತ್ರೆಗೆ ಕರೆದೊಯ್ಯುವುದು ಇವೆಲ್ಲ ನಿಧಾನವಾಗಿ ಊರಲ್ಲಿರುವ ಗೆಳೆಯರ ಪಾಲಿಗೆ ಬರುತ್ತವೆ. ನಾವು ಸಂತೋಷದಿಂದಲೇ ಮಾಡುತ್ತೇವೆ. ಆದರೆ ವರ್ಷ ಕಳೆಯುವಷ್ಟರಲ್ಲಿ ಗೆಳೆಯನ ಫೋನ್ ಬಂತೆಂದರೆ ಏನೋ ಕೆಲಸವಿರಬೇಕು ಎಂದು ಮನಸ್ಸು ಮೊದಲೇ ಲೆಕ್ಕ ಹಾಕತೊಡಗುತ್ತದೆ, ಅವನಿಗೂ ಕೇಳುವಾಗ ಸಂಕೋಚ ಹತ್ತುತ್ತದೆ, ಕೊನೆಗೆ ಇಬ್ಬರೂ ಫೋನ್ ಮಾಡುವುದನ್ನೇ ಕಡಿಮೆ ಮಾಡುತ್ತಾರೆ. ನನಗೆ ಹತ್ತಿರದ ಎರಡು ಗೆಳೆತನಗಳು ಹೀಗೆಯೇ ತೆಳುವಾದವು, ಜಗಳವೇನೂ ಆಗಿರಲಿಲ್ಲ.

ಆದ್ದರಿಂದ ಹೊರಡುವ ಮೊದಲೇ ಕೆಲಸವನ್ನೂ ಗೆಳೆತನವನ್ನೂ ಬೇರೆ ಮಾಡಿಡಿ. ಆಸ್ಪತ್ರೆಗೆಂದರೆ ಪರಿಚಯದ ಆಟೋದವರನ್ನೋ ಕಾರಿನವರನ್ನೋ ಗೊತ್ತುಮಾಡಿ, ಬಾಡಿಗೆಯನ್ನು ನೀವೇ ಕೊಡುವ ವ್ಯವಸ್ಥೆ ಮಾಡಿ. ಬ್ಯಾಂಕಿನ ಕೆಲಸವನ್ನು ನೆಂಟರೊಬ್ಬರಿಗೆ ಒಪ್ಪಿಸಿ. ಗೆಳತಿಯರಿಗೆ ತುರ್ತು ಸಂದರ್ಭವನ್ನಷ್ಟೇ ಬಿಡಿ, ಅದನ್ನೂ ಅವರ ಒಪ್ಪಿಗೆ ಕೇಳಿಯೇ ಬಿಡಿ.

ರಜೆಯನ್ನು ಮಾರಿಕಾಂಬಾ ಜಾತ್ರೆಗೇ ಹೊಂದಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬರುವುದಾದರೆ ಖಂಡಿತ ಬನ್ನಿ. ಆದರೆ ಆ ದಿನಗಳಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ನೆಂಟರು ತುಂಬಿರುತ್ತಾರೆ, ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕುಳಿತು ಮಾತಾಡಲು ಗೆಳತಿಯರು ಬೇಕಾದರೆ ಜಾತ್ರೆ ಮುಗಿದ ಮೇಲೂ ನಾಲ್ಕು ದಿನ ಉಳಿಯುವಂತೆ ಟಿಕೆಟ್ ಮಾಡಿಸಿ.